ಹಾಸಿಗೆ ಎಷ್ಟು ಎಂದು ಕೇಳುವ ಮುನ್ನ

ಮಾನ್ಯ ಸಂಪಾದಕರೇ,

ಹೊಸ ಸೋಂಕಿನ ಸುದ್ದಿ ಬಂದಾಗಲೆಲ್ಲ ವರದಿಗಾರರು ಆಸ್ಪತ್ರೆಯವರನ್ನು ಕೇಳುವ ಮೊದಲ ಪ್ರಶ್ನೆ ‘ಹಾಸಿಗೆ ಎಷ್ಟಿವೆ?’ ಎರಡನೆಯದು ‘ವೆಂಟಿಲೇಟರ್ ಎಷ್ಟಿವೆ?’ ಆಸ್ಪತ್ರೆಯವರೂ ಬಾಯಿಪಾಠ ಮಾಡಿಟ್ಟುಕೊಂಡ ಸಂಖ್ಯೆಯನ್ನು ಒಪ್ಪಿಸುತ್ತಾರೆ, ಮರುದಿನ ಅದು ಅಚ್ಚಾಗುತ್ತದೆ. ಆಸ್ಪತ್ರೆ ಆಡಳಿತ, ಸೋಂಕು ನಿಯಂತ್ರಣ, ಉಪಕರಣಗಳ ನಿರ್ವಹಣೆ ಈ ಮೂರು ಕಡೆ ಕೆಲಸ ಮಾಡುವ ನಮಗೇ ಆ ಎರಡು ಸಂಖ್ಯೆಗಳಿಂದ ಒಂದು ಆಸ್ಪತ್ರೆ ಸಜ್ಜಾಗಿದೆಯೋ ಇಲ್ಲವೋ ತಿಳಿಯುವುದಿಲ್ಲ. ಓದುಗರಿಗೆ ಹೇಗೆ ತಿಳಿದೀತು? ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಯಾವ ಅಂಕಿ ಎಷ್ಟಕ್ಕೆ ಮುಟ್ಟಿದಾಗ ಯಾರು ಯಾವ ತೀರ್ಮಾನ ತೆಗೆದುಕೊಳ್ಳುತ್ತಾರೆ, ಮತ್ತು ಅದು ಈಗಾಗಲೇ ಬರೆದಿಟ್ಟಿದೆಯೇ?

ಮೊದಲು ಜನರ ಲೆಕ್ಕ. 1952ರ ಆಗಸ್ಟ್‌ನಲ್ಲಿ ಕೋಪನ್‌ಹೇಗನ್‌ನ ಬ್ಲೆಗ್ಡಾಮ್ ಆಸ್ಪತ್ರೆಗೆ ಪೋಲಿಯೊ ರೋಗಿಗಳು ಸಾಲುಗಟ್ಟಿ ಬರತೊಡಗಿದಾಗ ಅಲ್ಲಿದ್ದದ್ದು ರೋಗಿಯನ್ನು ಒಳಗೆ ಮಲಗಿಸಿ ಉಸಿರಾಡಿಸುವ ಒಂದು ಟ್ಯಾಂಕ್ ರೆಸ್ಪಿರೇಟರ್, ಎದೆಗೆ ಕಟ್ಟುವ ಆರು ಸಣ್ಣ ಯಂತ್ರಗಳು. ಉಸಿರಾಟಕ್ಕೆ ಯಂತ್ರದ ನೆರವು ಬೇಕಾದ ಮೊದಲ 31 ರೋಗಿಗಳಲ್ಲಿ 27 ಮಂದಿ ತೀರಿಕೊಂಡರು. ಮುಖ್ಯ ವೈದ್ಯ ಲಾಸೆನ್ ತಮ್ಮ ವಿಭಾಗದ ಹೊರಗಿನವರಾದ ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಅವರನ್ನು ಕರೆಸಿ ಕೇಳಿದರು. ಗಂಟಲಲ್ಲಿ ರಂಧ್ರ ಮಾಡಿ ಕೊಳವೆ ಇಳಿಸಿ, ರಬ್ಬರ್ ಚೀಲವನ್ನು ಕೈಯಿಂದ ಹಿಂಡಿ ಉಸಿರು ತುಂಬುವುದು ಇಬ್ಸೆನ್ ಸೂಚಿಸಿದ ದಾರಿ. ಸುಮಾರು 1,500 ವೈದ್ಯ ಮತ್ತು ದಂತವೈದ್ಯ ವಿದ್ಯಾರ್ಥಿಗಳು ಪಾಳಿಯಲ್ಲಿ ಕುಳಿತು ತಿಂಗಳುಗಟ್ಟಲೆ ಚೀಲ ಹಿಂಡಿದರು. ಸಾವಿನ ಪ್ರಮಾಣ ಅರ್ಧಕ್ಕಿಂತ ಕೆಳಗೆ ಇಳಿಯಿತು. ಯಂತ್ರ ಇರಲಿಲ್ಲ, ಕೈಗಳಿದ್ದವು. 2020ರ ಏಪ್ರಿಲ್‌ನಲ್ಲಿ ಲಂಡನ್ನಿನಲ್ಲಿ ಆದದ್ದು ಇದರ ತಿರುಗುಮುರುಗು. ಒಂದು ಪ್ರದರ್ಶನ ಸಭಾಂಗಣವನ್ನು ಕೆಲವೇ ದಿನಗಳಲ್ಲಿ ನೈಟಿಂಗೇಲ್ ಆಸ್ಪತ್ರೆಯಾಗಿ ಬದಲಿಸಿ, ಅಗತ್ಯಬಿದ್ದರೆ 4,000 ಹಾಸಿಗೆಗಳವರೆಗೆ ಬೆಳೆಸಬಹುದು ಎಂದು ಘೋಷಿಸಿದರು. ಕೋವಿಡ್‌ನ ಮೊದಲ ಅಲೆಯಲ್ಲಿ ಅಲ್ಲಿ ಚಿಕಿತ್ಸೆ ಪಡೆದವರು ಐವತ್ತಕ್ಕೆ ತುಸು ಮೇಲೆ. ಐಸಿಯು ಕೆಲಸ ಬಲ್ಲ ನರ್ಸ್‌ಗಳು ಬೇರೆ ಆಸ್ಪತ್ರೆಗಳಲ್ಲೇ ಸಾಲದಾಗಿದ್ದರು.

ಈ ಲೆಕ್ಕವನ್ನು ಯಾರು ಬೇಕಾದರೂ ಕಾಗದದ ಮೇಲೆ ಮಾಡಿ ನೋಡಬಹುದು. 24 ಹಾಸಿಗೆಗಳ ಐಸಿಯು ಇದೆ, ಇಬ್ಬರು ರೋಗಿಗಳಿಗೆ ಒಬ್ಬ ನರ್ಸ್ ಎಂದಿಟ್ಟುಕೊಳ್ಳಿ. ಒಂದು ಪಾಳಿಗೆ 12 ಮಂದಿ. ಪಿಪಿಇ, ಅಂದರೆ ಸೋಂಕು ತಡೆಯುವ ರಕ್ಷಣಾ ಉಡುಪು ತೊಟ್ಟು ಆರು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲವಾದ್ದರಿಂದ ದಿನಕ್ಕೆ ನಾಲ್ಕು ಪಾಳಿ, ಅಂದರೆ 48 ಮಂದಿ. ವಾರದಲ್ಲಿ ಒಂದು ರಜೆ ಕೊಟ್ಟರೆ 56. ಅಲೆ ಏರುತ್ತಿರುವಾಗ ಐವರಲ್ಲಿ ಒಬ್ಬರು ಜ್ವರದಲ್ಲೋ ಕ್ವಾರಂಟೈನಿನಲ್ಲೋ ಇರುತ್ತಾರೆಂದು ಹಿಡಿದರೆ 70. ಇಪ್ಪತ್ತನಾಲ್ಕು ಹಾಸಿಗೆಗೆ ಎಪ್ಪತ್ತು ನರ್ಸ್! ‘ಇನ್ನೂ 24 ಹಾಸಿಗೆ ಸೇರಿಸಿದ್ದೇವೆ’ ಎಂಬ ಹೇಳಿಕೆ ಹೊರಬಿದ್ದಾಗ ಆ ಇನ್ನೊಂದು ಎಪ್ಪತ್ತು ಮಂದಿ ಯಾವ ವಾರ್ಡ್‌ನಿಂದ ಬಂದರು, ಅವರು ಬಿಟ್ಟುಬಂದ ವಾರ್ಡನ್ನು ಯಾರು ನೋಡಿಕೊಳ್ಳುತ್ತಿದ್ದಾರೆ ಎಂದು ಯಾರೂ ಕೇಳುವುದಿಲ್ಲ.

ಅಷ್ಟು ಜನ ಎಲ್ಲೂ ಇರುವುದಿಲ್ಲ. ಹಾಗಾಗಿ ಕೆಲಸವನ್ನು ಹಂಚಬೇಕು. ಐಸಿಯು ಅನುಭವದ ಒಬ್ಬ ನರ್ಸ್ ಮೇಲುಸ್ತುವಾರಿಗೆ, ಅವರ ಕೈಕೆಳಗೆ ಶಸ್ತ್ರಚಿಕಿತ್ಸಾ ವಿಭಾಗದಿಂದಲೋ ಸಾಮಾನ್ಯ ವಾರ್ಡ್‌ನಿಂದಲೋ ಬಂದ ಇಬ್ಬರು ಮೂವರು. ವೆಂಟಿಲೇಟರ್ ಹೊಂದಿಸುವುದು, ರಕ್ತದೊತ್ತಡದ ಔಷಧಿಯ ಪಂಪ್ ಬದಲಿಸುವುದು ಅನುಭವಿಯ ಕೆಲಸ. ಮಗ್ಗುಲು ಬದಲಿಸುವುದು, ಬಾಯಿ ಶುಚಿ, ಮೂತ್ರದ ಲೆಕ್ಕ, ಚಾರ್ಟ್ ಬರೆಯುವುದು ಉಳಿದವರದು. ಉಸಿರಾಟ ಸುಧಾರಿಸಲೆಂದು ರೋಗಿಯನ್ನು ಬೋರಲು ಮಲಗಿಸುವುದಕ್ಕೆ ಬೇರೆಯೇ ಒಂದು ತಂಡ ಬೇಕು: ತಲೆ ಮತ್ತು ಕೊಳವೆ ಹಿಡಿಯಲು ಒಬ್ಬರು, ಎರಡೂ ಪಕ್ಕಕ್ಕೆ ಇಬ್ಬಿಬ್ಬರು, ಒಟ್ಟು ಐವರು. ದಿನಕ್ಕೆ 16 ಗಂಟೆ ಬೋರಲು ಎಂದರೆ ಪ್ರತಿ ರೋಗಿಗೆ ಎರಡು ಸಲ ಈ ಐವರೂ ಬರಬೇಕು. ಫಿಸಿಯೋಥೆರಪಿಸ್ಟ್‌ಗಳು, ಮೂಳೆ ವಿಭಾಗದ ಕಿರಿಯ ವೈದ್ಯರು ಇದಕ್ಕೆ ಚೆನ್ನಾಗಿ ಒದಗುತ್ತಾರೆ. ಆದರೆ ಅಲೆ ಬಂದ ದಿನ ಕಲಿಸಲು ಯಾರಿಗೂ ಪುರಸೊತ್ತು ಇರುವುದಿಲ್ಲ. ಯಾರ ಹೆಸರು ಯಾವ ಪಟ್ಟಿಯಲ್ಲಿದೆ ಎಂಬುದು ಮೊದಲೇ ಗೊತ್ತಿರಬೇಕು, ವರ್ಷಕ್ಕೆರಡು ಬಾರಿ ಅವರು ಐಸಿಯುನಲ್ಲಿ ಒಂದು ಪಾಳಿ ಮಾಡಿರಬೇಕು.

ಸಂಬಳದ ವಿಷಯವೂ ಇಲ್ಲೇ ಬರುತ್ತದೆ. ಜ್ವರ ಬಂದಾಗ ರಜೆ ಹಾಕಿದರೆ ಸಂಬಳ ಕಡಿತವಾಗುತ್ತದೆ ಎಂದಾದರೆ ನೌಕರ ಮಾತ್ರೆ ನುಂಗಿ ಕೆಲಸಕ್ಕೆ ಬರುತ್ತಾನೆ. ಗುತ್ತಿಗೆಯ ಸ್ವಚ್ಛತಾ ಸಿಬ್ಬಂದಿ, ಭದ್ರತಾ ಸಿಬ್ಬಂದಿ, ಸ್ಟ್ರೆಚರ್ ತಳ್ಳುವವರಲ್ಲಿ ಇದು ಹೆಚ್ಚು. ಒಂದು ವಾರ್ಡ್‌ನಿಂದ ಇನ್ನೊಂದಕ್ಕೆ ಇಡೀ ದಿನ ಓಡಾಡುವವರೂ ಅವರೇ. ಸೋಂಕು ನಿಯಂತ್ರಣಕ್ಕೆ ದುಬಾರಿ ಯಂತ್ರ ಕೊಳ್ಳುವ ಆಡಳಿತ ಮಂಡಳಿ ಗುತ್ತಿಗೆ ಒಪ್ಪಂದದಲ್ಲಿ ‘ಸೋಂಕಿನ ರಜೆಗೆ ಪೂರ್ಣ ವೇತನ’ ಎಂಬ ಒಂದು ಸಾಲು ಸೇರಿಸಲು ಹಿಂದೇಟು ಹಾಕುವುದು ನಮಗೆ ಇಂದಿಗೂ ಅರ್ಥವಾಗಿಲ್ಲ.

ಈಗ ತೀರ್ಮಾನದ ವಿಷಯ. ದಿನಕ್ಕೆ ನಾಲ್ವರು ಐಸಿಯುಗೆ ಸೇರುತ್ತಾರೆ, ಒಬ್ಬೊಬ್ಬರೂ ಸರಾಸರಿ 12 ದಿನ ಇರುತ್ತಾರೆ ಎಂದರೆ 48 ಹಾಸಿಗೆ ಯಾವಾಗಲೂ ತುಂಬಿರುತ್ತವೆ. ನಾಲ್ಕನ್ನು ಹನ್ನೆರಡರಿಂದ ಗುಣಿಸಿದರೆ ಸಾಕು. ಆರು ದಿನಕ್ಕೊಮ್ಮೆ ಪ್ರಕರಣ ದುಪ್ಪಟ್ಟಾಗುತ್ತಿದ್ದರೆ ಇವತ್ತಿನ 12 ರೋಗಿಗಳು ಹನ್ನೆರಡನೆಯ ದಿನಕ್ಕೆ 48. ಇನ್ನೊಂದು ಕಡೆ, ಮುಂದೂಡಬಹುದಾದ ಶಸ್ತ್ರಚಿಕಿತ್ಸೆಗಳನ್ನು ಇವತ್ತು ನಿಲ್ಲಿಸಿದರೂ ಆಗಲೇ ಆದವರು ಚೇತರಿಸಿಕೊಂಡು ಹಾಸಿಗೆ ಖಾಲಿ ಮಾಡಲು ಮೂರರಿಂದ ಐದು ದಿನ ಬೇಕು. ಅಂದರೆ ಐಸಿಯು ತುಂಬಿದ ಮೇಲೆ ಶಸ್ತ್ರಚಿಕಿತ್ಸೆ ನಿಲ್ಲಿಸುವುದು ಊರು ಸೂರೆಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಶೇ 70 ತುಂಬಿದಾಗ ಒಂದು ಹೆಜ್ಜೆ, ಶೇ 85ಕ್ಕೆ ಇನ್ನೊಂದು ಎಂದು ಶಾಂತವಾಗಿರುವಾಗಲೇ ಗೆರೆ ಎಳೆದಿಡಬೇಕು. ಮೊದಲ ಗೆರೆಗೆ ಐಸಿಯು ಬೇಕಾಗುವ ಯೋಜಿತ ಶಸ್ತ್ರಚಿಕಿತ್ಸೆಗಳು ನಿಲ್ಲುತ್ತವೆ. ಎರಡನೆಯದಕ್ಕೆ ಶಸ್ತ್ರಚಿಕಿತ್ಸೆಯ ನಂತರ ರೋಗಿಗಳನ್ನಿಡುವ ಚೇತರಿಕೆ ಕೋಣೆ ಐಸಿಯು ಆಗುತ್ತದೆ. ಅಲ್ಲಿ ಗೋಡೆಯಿಂದ ಆಕ್ಸಿಜನ್ ಕೊಡುವ ಗ್ಯಾಸ್ ಪಾಯಿಂಟ್, ಮಾನಿಟರ್ ಎರಡೂ ಮೊದಲೇ ಇರುತ್ತವೆ. ನಿಮ್ಮ ಆಸ್ಪತ್ರೆಯ ಗೆರೆ 65 ಇರಲಿ, 75 ಇರಲಿ. ಅದು ಬರಹದಲ್ಲಿದ್ದು, ಮುಟ್ಟಿದ ದಿನ ಯಾರ ಅನುಮತಿಗೂ ಕಾಯದೆ ಜಾರಿಯಾಗಬೇಕು. ಗೆರೆ ಇಲ್ಲದ ಕಡೆ ಆಗುವುದನ್ನು ಊಹಿಸುವುದು ಕಷ್ಟವಲ್ಲ. ಪ್ರತಿಯೊಬ್ಬ ವಿಭಾಗ ಮುಖ್ಯಸ್ಥರೂ ‘ನನ್ನ ಈ ವಾರದ ಕೇಸ್‌ಗಳು ಮುಗಿಯಲಿ’ ಎನ್ನುತ್ತಾರೆ, ಅಧೀಕ್ಷಕರು ಯಾರ ಮುಖವನ್ನೂ ಮುರಿಯಲಾರರು, ಆ ಒಂದು ವಾರದಲ್ಲಿ ಸಂಖ್ಯೆ ದುಪ್ಪಟ್ಟಾಗಿರುತ್ತದೆ.

ಯಾರು ಹೇಳಬೇಕು ಎಂಬುದೂ ಒಂದೇ ಹೆಸರಾಗಿರಬೇಕು. ಘಟನಾ ನಿರ್ವಹಣೆಗೆ ಒಬ್ಬ ಮುಖ್ಯಸ್ಥ, ಅವರ ಕೆಳಗೆ ಚಿಕಿತ್ಸಾ ಕಾರ್ಯ, ಯೋಜನೆ, ಸರಬರಾಜು, ಹಣಕಾಸು ಎಂಬ ನಾಲ್ಕು ಕೈಗಳು. ಪಕ್ಕದಲ್ಲಿ ಸಿಬ್ಬಂದಿ ಸುರಕ್ಷತೆಗೆ ಒಬ್ಬರು, ಹೊರಗಿನವರೊಂದಿಗೆ ಮಾತಾಡಲು ಒಬ್ಬರು. ಕಾಳ್ಗಿಚ್ಚು ನಂದಿಸುವ ಪಡೆಗಳು ರೂಪಿಸಿಕೊಂಡ ಈ ವ್ಯವಸ್ಥೆಯನ್ನು ಕ್ಯಾಲಿಫೋರ್ನಿಯದ ಆಸ್ಪತ್ರೆಗಳು ಮೂರು ದಶಕಗಳ ಹಿಂದೆಯೇ ತಮ್ಮದಾಗಿಸಿಕೊಂಡವು. ಒಬ್ಬರ ಕೆಳಗೆ ಐದರಿಂದ ಏಳು ಮಂದಿಗಿಂತ ಹೆಚ್ಚು ನೇರವಾಗಿ ವರದಿ ಮಾಡಬಾರದು ಎಂಬುದು ಅದರ ತಿರುಳು. ಪ್ರತಿ ಹುದ್ದೆಗೂ ಒಬ್ಬ ಬದಲಿ ಇರಬೇಕು. ಮುಖ್ಯಸ್ಥರೂ ಬದಲಿಯೂ ಒಂದೇ ಕೋಣೆಯಲ್ಲಿ ಕೂರಬಾರದು, ಏಕೆಂದರೆ ಒಬ್ಬರಿಗೆ ಸೋಂಕು ತಗಲಿದರೆ ಇಬ್ಬರೂ ಮನೆಯಲ್ಲಿರಬೇಕಾಗುತ್ತದೆ. ದಿನಕ್ಕೆ ಎರಡು ಸಭೆ, ತಲಾ 20 ನಿಮಿಷ, ನಿಂತುಕೊಂಡೇ. ಬೆಳಿಗ್ಗೆ ಹಾಸಿಗೆ, ಸಿಬ್ಬಂದಿ, ಆಕ್ಸಿಜನ್, ಸಾಮಗ್ರಿ, ಸಿಬ್ಬಂದಿಯಲ್ಲಿ ಎಷ್ಟು ಮಂದಿಗೆ ಸೋಂಕು ಎಂಬ ಐದು ಅಂಕಿ. ಸಂಜೆ, ಬೆಳಿಗ್ಗೆ ಹೇಳಿದ್ದರಲ್ಲಿ ಆದದ್ದೇನು, ಆಗದಿದ್ದದ್ದೇನು. ತೀರ್ಮಾನ, ಸಮಯ, ಕಾರಣ ಮೂರನ್ನೂ ಒಬ್ಬರು ಪುಸ್ತಕದಲ್ಲಿ ಬರೆಯುತ್ತಾ ಹೋಗಬೇಕು. ಆಮೇಲೆ ‘ಅದನ್ನು ಯಾರು ಹೇಳಿದ್ದು’ ಎಂಬ ಜಗಳ ಬರುವುದು ಖಂಡಿತ.

ಆದೇಶಗಳು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವುದು ಈ ಕಾಲದ ಪಿಡುಗು. ಬೆಳಿಗ್ಗೆ ಬಂದ ಮಾಸ್ಕ್ ನಿಯಮ ಮಧ್ಯಾಹ್ನ ಬದಲಾಗುತ್ತದೆ. ಸಂಜೆ ಪಾಳಿಯವರು ಹಳೆಯದನ್ನೇ ಓದಿರುತ್ತಾರೆ. ಪ್ರತಿ ಸುತ್ತೋಲೆಗೂ ಸಂಖ್ಯೆ, ದಿನಾಂಕ, ಗಂಟೆ ಇರಲಿ. ಮೊದಲ ಸಾಲಿನಲ್ಲೇ ‘ಇದು ಇಂತಿಷ್ಟನೇ ಸುತ್ತೋಲೆಯನ್ನು ರದ್ದು ಮಾಡುತ್ತದೆ’ ಎಂದಿರಲಿ. ಹಳೆಯ ಪ್ರತಿಯನ್ನು ಗೋಡೆಯಿಂದ ಕಿತ್ತುಹಾಕುವ ಕೆಲಸವನ್ನೂ ಒಬ್ಬರಿಗೆ ಹೆಸರಿಟ್ಟು ಒಪ್ಪಿಸಿ. ಚಿಕಿತ್ಸಾ ಕ್ರಮಕ್ಕೂ ಇದೇ ಮಾತು. 2020ರ ಜೂನ್‌ನಲ್ಲಿ ಕೋವಿಡ್ ಔಷಧಿಗಳನ್ನು ರೋಗಿಗಳಲ್ಲಿ ಪರೀಕ್ಷಿಸಿದ ಬ್ರಿಟನ್ನಿನ ‘ರಿಕವರಿ’ ಅಧ್ಯಯನದಿಂದ, ಡೆಕ್ಸಮೆಥಾಸೋನ್ ಎಂಬ ಸ್ಟೀರಾಯ್ಡ್ ವೆಂಟಿಲೇಟರ್ ಮೇಲಿದ್ದವರ ಸಾವನ್ನು ಸುಮಾರು ಮೂರನೇ ಒಂದರಷ್ಟು ತಗ್ಗಿಸುತ್ತದೆಂದು ಗೊತ್ತಾಯಿತು. ಆಕ್ಸಿಜನ್ ಬೇಡದ ರೋಗಿಗಳಿಗೆ ಅದರಿಂದ ಲಾಭ ಕಾಣಲಿಲ್ಲ. ಇಂಥ ಸುದ್ದಿಯ ಎರಡನೆಯ ಅರ್ಧ ವಾರ್ಡ್ ತಲುಪುವಷ್ಟರಲ್ಲಿ ಕಳೆದುಹೋಗುತ್ತದೆ. ಒಂದೇ ಲಿಖಿತ ಕ್ರಮ, ಅದನ್ನು ಬದಲಿಸಲು ಒಂದೇ ಸಮಿತಿ ಎಂದಾಗ ಆ ಅರ್ಧವೂ ಜೊತೆಗೇ ಹೋಗುತ್ತದೆ.

ಆಕ್ಸಿಜನ್ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕು, ಏಕೆಂದರೆ ಇಲ್ಲಿ ತಪ್ಪುವುದು ಬಹುಪಾಲು ಗಣಿತ. ನೂರು ರೋಗಿಗಳಿದ್ದಾರೆ ಎನ್ನಿ. ಅರವತ್ತು ಮಂದಿಗೆ ಮೂಗಿನ ನಳಿಕೆಯಲ್ಲಿ ನಿಮಿಷಕ್ಕೆ 5 ಲೀಟರ್, ಅದು 300. ಇಪ್ಪತ್ತೈದು ಮಂದಿಗೆ ಚೀಲವಿರುವ ಮಾಸ್ಕ್‌ನಲ್ಲಿ 15 ಲೀಟರ್, ಅದು 375. ಹದಿನೈದು ಮಂದಿಗೆ ಮೂಗಿನೊಳಕ್ಕೆ ರಭಸದಿಂದ ಆಕ್ಸಿಜನ್ ಹರಿಸುವ ಹೈ ಫ್ಲೋ ಯಂತ್ರದಲ್ಲಿ ಪೂರ್ಣ ಪ್ರಮಾಣ, 60 ಲೀಟರ್, ಅದು 900. ಒಟ್ಟು ನಿಮಿಷಕ್ಕೆ 1,575 ಲೀಟರ್. ಅರ್ಧಕ್ಕಿಂತ ಹೆಚ್ಚನ್ನು ಆ ಹದಿನೈದು ಮಂದಿಯೇ ಎಳೆಯುತ್ತಾರೆ ಎಂಬುದನ್ನು ಗಮನಿಸಿ. ದಿನಕ್ಕೆ ಇದು ಸುಮಾರು 2,268 ಘನ ಮೀಟರ್ ಆಗುತ್ತದೆ. 7 ಘನ ಮೀಟರ್ ಹಿಡಿಯುವ ದೊಡ್ಡ ಸಿಲಿಂಡರ್‌ಗಳಲ್ಲಿ 324 ಬೇಕು. ಅಂದರೆ ಹಗಲು ರಾತ್ರಿ ನಾಲ್ಕೂವರೆ ನಿಮಿಷಕ್ಕೊಂದು ಸಿಲಿಂಡರ್ ಬದಲಿಸಬೇಕು! ‘ನಮ್ಮಲ್ಲಿ ನೂರು ಸಿಲಿಂಡರ್ ದಾಸ್ತಾನಿದೆ’ ಎಂಬ ಮಾತಿನ ಬೆಲೆ ಏಳೂವರೆ ಗಂಟೆಗಿಂತ ಕಡಿಮೆ. ಒಂದು ಲೀಟರ್ ದ್ರವ ಆಕ್ಸಿಜನ್ ಸುಮಾರು 860 ಲೀಟರ್ ಅನಿಲವಾಗುವುದರಿಂದ ದ್ರವದ ಟ್ಯಾಂಕ್ ಇದ್ದರೆ ಇಷ್ಟಕ್ಕೇ ದಿನಕ್ಕೆ 2,600 ಲೀಟರ್‌ಗೆ ತುಸು ಮೇಲೆ ಸಾಕು.

ಟ್ಯಾಂಕ್ ತುಂಬಿದ್ದರೂ ವಾರ್ಡ್‌ನಲ್ಲಿ ಒತ್ತಡ ಕುಸಿಯಬಹುದು. ದ್ರವವನ್ನು ಅನಿಲ ಮಾಡುವ ವೇಪರೈಸರ್‌ಗೆ ಒಂದು ಮಿತಿ ಇದೆ. ಮೇಲಿನ ಬೇಡಿಕೆ ಗಂಟೆಗೆ ಸುಮಾರು 95 ಘನ ಮೀಟರ್. ಗಂಟೆಗೆ 50ಕ್ಕೆಂದು ಮಾಡಿದ ವೇಪರೈಸರ್ ಅದನ್ನು ತಾಳಲಾರದೆ ರೆಕ್ಕೆಗಳ ಮೇಲೆ ಮಂಜುಗಡ್ಡೆ ಕಟ್ಟಿಕೊಳ್ಳುತ್ತದೆ. ಮಂಜು ದಪ್ಪಗಾದಷ್ಟೂ ಹೊರಗಿನ ಶಾಖ ಒಳಕ್ಕೆ ಇಳಿಯುವುದಿಲ್ಲ, ಅನಿಲ ಕಡಿಮೆಯಾಗುತ್ತದೆ, ಕೊಳವೆ ಸಾಲಿನ ಕೊನೆಯಲ್ಲಿರುವ ವಾರ್ಡ್‌ನಲ್ಲಿ ಮೊದಲು ಅಲಾರಂ ಕೂಗುತ್ತದೆ. ಆದ್ದರಿಂದ ಎರಡು ವೇಪರೈಸರ್ ಇಟ್ಟು ಒಂದು ಕರಗುವಾಗ ಇನ್ನೊಂದು ಓಡುವಂತೆ ಬದಲಿಸುತ್ತಿರಬೇಕು. ಇನ್ನು ಕೊಳವೆಗಳು. ಹತ್ತು ಹಾಸಿಗೆಯಲ್ಲಿ ಇಬ್ಬರಿಗೆ ಆಕ್ಸಿಜನ್ ಬೇಕಾದೀತು ಎಂಬ ಅಂದಾಜಿನ ಮೇಲೆ ಹಾಕಿದ ಸಣ್ಣ ವ್ಯಾಸದ ಕೊಳವೆಯಲ್ಲಿ ಹತ್ತಕ್ಕೆ ಹತ್ತೂ ಮಂದಿ ಎಳೆದಾಗ 4 ಬಾರ್ ಇರಬೇಕಾದ ಒತ್ತಡ ಇಳಿದು ವೆಂಟಿಲೇಟರ್‌ಗಳ ಅಲಾರಂ ಕೂಗತೊಡಗುತ್ತದೆ. ಹೈ ಫ್ಲೋ ಯಂತ್ರಗಳನ್ನೆಲ್ಲ ಒಂದೇ ಕೊಳವೆಯ ಮೇಲೆ ಸಾಲಾಗಿ ಇಡದೆ ಬೇರೆಬೇರೆ ಕವಲುಗಳಿಗೆ ಹಂಚುವುದು ಖರ್ಚಿಲ್ಲದ ಪರಿಹಾರ. ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸುವ ಪಿಎಸ್‌ಎ ಘಟಕದ ಮಾತೂ ಅಷ್ಟೇ. ನಿಮಿಷಕ್ಕೆ 500 ಲೀಟರ್ ಘಟಕ ಅಷ್ಟನ್ನೇ ಕೊಡುತ್ತದೆ, ಅದೂ ವಿದ್ಯುತ್ ಇರುವಾಗ, ಶುದ್ಧತೆ ಶೇ 93ರ ಆಸುಪಾಸಿನಲ್ಲಿ. ಅದನ್ನು ಆರು ತಿಂಗಳು ಓಡಿಸದೆ ಬಿಟ್ಟರೆ ಒಳಗಿನ, ಆಕ್ಸಿಜನ್ ಬೇರ್ಪಡಿಸುವ ಜಿಯೋಲೈಟ್ ಎಂಬ ಹರಳುಗಳು ತೇವ ಹೀರಿಕೊಂಡು ಕೆಲಸಕ್ಕೆ ಬಾರದಂತಾಗುತ್ತದೆ.

ಉಳಿತಾಯವೂ ಇಲ್ಲೇ ಇದೆ. ಪ್ರತಿ ಪಾಳಿಗೆ ಒಬ್ಬ ಆಕ್ಸಿಜನ್ ನರ್ಸ್ ಇರಲಿ. ಅವರ ಕೆಲಸ ಇಷ್ಟೇ: ಹಾಸಿಗೆಯಿಂದ ಹಾಸಿಗೆಗೆ ಹೋಗಿ ಬೆರಳಿನ ಆಕ್ಸಿಮೀಟರ್ ಓದಿ, ಅಗತ್ಯಕ್ಕಿಂತ ಹೆಚ್ಚಿದ್ದರೆ ತಗ್ಗಿಸುವುದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಸ್ಥಿರಗೊಂಡ ವಯಸ್ಕರಿಗೆ ಶೇ 90ಕ್ಕಿಂತ ಮೇಲೆ, ಗರ್ಭಿಣಿಯರಿಗೆ ಶೇ 92ರಿಂದ 95 ಇದ್ದರೆ ಸಾಕು. ಆದರೆ ಶೇ 99 ಕಂಡಾಗ ನೆಮ್ಮದಿಪಡುವುದು ಎಲ್ಲರ ಅಭ್ಯಾಸ. ಆ ಅರವತ್ತು ಮಂದಿಗೆ ತಲಾ ಒಂದು ಲೀಟರ್ ತಗ್ಗಿಸಿದರೆ ದಿನಕ್ಕೆ ಹನ್ನೆರಡು ದೊಡ್ಡ ಸಿಲಿಂಡರ್ ಉಳಿಯುತ್ತದೆ. ಶೌಚಕ್ಕೆ ಎದ್ದು ಹೋದವರ ಮಾಸ್ಕ್ ಹಾಸಿಗೆಯ ಮೇಲೆ ಸುಸ್ಸೆಂದು ಆಕ್ಸಿಜನ್ ಉಗುಳುತ್ತಾ ಬಿದ್ದಿರುವುದು ಯಾವ ವಾರ್ಡ್‌ನಲ್ಲೂ ಅಪರೂಪವಲ್ಲ.

ಅದು ನಷ್ಟ ಮಾತ್ರವಾಗಿದ್ದರೆ ಸಹಿಸಬಹುದಿತ್ತು, ಬೆಂಕಿಗೂ ದಾರಿ. ಕೋಣೆಯ ಗಾಳಿಯಲ್ಲಿ ಆಕ್ಸಿಜನ್ ಸಾಮಾನ್ಯವಾಗಿ ಶೇ 21. ಅದು 23.5 ದಾಟಿದರೆ ಹೊದಿಕೆ, ಪರದೆ, ಕೂದಲು ಎಲ್ಲವೂ ಬೇಗ ಹೊತ್ತಿಕೊಳ್ಳುವ ವಾತಾವರಣ. ಕಿಟಕಿ ಮುಚ್ಚಿ ಎಸಿ ಹಾಕಿದ ಕೋಣೆ, ಹೈ ಫ್ಲೋ ಯಂತ್ರಗಳು, ಒಂದೇ ಪ್ಲಗ್ಗಿನಲ್ಲಿ ಮಾನಿಟರ್, ಪಂಪ್, ಫೋನ್ ಚಾರ್ಜರ್, ಹಗಲು ರಾತ್ರಿ ನಿಲ್ಲದೆ ಓಡುವ ಹಳೆಯ ಎಸಿ. ಕಿಡಿ ಬೇರೆಲ್ಲಿಂದಲೂ ಬರಬೇಕಾಗಿಲ್ಲ. 2021ರ ಏಪ್ರಿಲ್‌ನಲ್ಲಿ ಬಾಗ್ದಾದ್‌ನ ಇಬ್ನ್ ಅಲ್ ಖತೀಬ್ ಆಸ್ಪತ್ರೆಯ ಕೋವಿಡ್ ವಾರ್ಡ್ ಹೊತ್ತಿ ಉರಿದು 80ಕ್ಕೂ ಹೆಚ್ಚು ಮಂದಿ ಸತ್ತರು. ಹೊಸದಾಗಿ ಐಸಿಯು ಆದ ಕೋಣೆಯ ವಿದ್ಯುತ್ ಭಾರವನ್ನು ಎಲೆಕ್ಟ್ರಿಷಿಯನ್ ಅಳೆದು ಸಹಿ ಹಾಕದೆ ಮೊದಲ ರೋಗಿಯನ್ನು ಒಳಗೆ ಬಿಡಬಾರದು. ಆಕ್ಸಿಜನ್ ಜೋಡಣೆಗಳನ್ನು ಎಣ್ಣೆ, ಗ್ರೀಸ್ ತಾಗಿದ ಕೈಯಿಂದಾಗಲಿ, ಇನ್ನೂ ಆರದ ಸ್ಯಾನಿಟೈಸರ್ ಕೈಯಿಂದಾಗಲಿ ಮುಟ್ಟಬಾರದು. ಮುಖ್ಯ ವಾಲ್ವ್ ಎಲ್ಲಿದೆ, ಅದನ್ನು ಮುಚ್ಚುವ ಅಧಿಕಾರ ಯಾರಿಗೆ ಎಂಬುದು ರಾತ್ರಿ ಪಾಳಿಯ ನರ್ಸ್‌ಗೂ ಗೊತ್ತಿರಬೇಕು.

ಸೋಂಕು ಆಸ್ಪತ್ರೆಯೊಳಗೇ ಹರಡುವ ವಿಷಯಕ್ಕೆ ಬರೋಣ. 2003ರಲ್ಲಿ ಹರಡಿದ, ಕೊರೊನಾ ಗುಂಪಿನದೇ ವೈರಸ್‌ನಿಂದ ಬರುವ ಉಸಿರಾಟದ ರೋಗವಾದ ಸಾರ್ಸ್‌ನಲ್ಲಿ ಜಗತ್ತಿನಾದ್ಯಂತ ದಾಖಲಾದ 8,096 ಪ್ರಕರಣಗಳಲ್ಲಿ 1,706 ಆರೋಗ್ಯ ಸಿಬ್ಬಂದಿಯವು. 2015ರಲ್ಲಿ ದಕ್ಷಿಣ ಕೊರಿಯಾದಲ್ಲಿ ಹರಡಿದ, ಅದೇ ಬಗೆಯ ರೋಗವಾದ ಮರ್ಸ್‌ನ 186 ಪ್ರಕರಣಗಳಲ್ಲಿ 82ಕ್ಕೆ ಮೂಲ ಒಬ್ಬನೇ ರೋಗಿ, ಒಂದೇ ತುರ್ತು ಚಿಕಿತ್ಸಾ ವಿಭಾಗ, ಮೂರು ದಿನ. ಆ 82ರಲ್ಲಿ 41 ಮಂದಿ ರೋಗಿಗಳೂ ಅಲ್ಲ, ಸಿಬ್ಬಂದಿಯೂ ಅಲ್ಲ. ನೋಡಲು, ನೋಡಿಕೊಳ್ಳಲು ಬಂದವರು. ಹಾಗಾಗಿ ತಪಾಸಣೆಯ ಮೇಜು ನೋಂದಣಿ ಕೌಂಟರ್‌ಗಿಂತ ಮುಂಚೆ, ಸಾಧ್ಯವಾದರೆ ಕಟ್ಟಡದ ಹೊರಗೇ ಇರಬೇಕು. ಚೀಟಿ ಮಾಡಿಸಲು ಸಾಲಿನಲ್ಲಿ ನಿಂತು ಕೆಮ್ಮಿದ ಮೇಲೆ ತಪಾಸಣೆ ಮಾಡಿ ಪ್ರಯೋಜನವಿಲ್ಲ. ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರನ್ನು ಖಚಿತಪಟ್ಟವರ ಜೊತೆ ಇಡುವುದು ಇನ್ನೊಂದು ಸಾಮಾನ್ಯ ತಪ್ಪು. ಸೋಂಕಿಲ್ಲದೆ ಬಂದವರು ಸೋಂಕು ಹೊತ್ತು ಮನೆಗೆ ಹೋಗುತ್ತಾರೆ.

ಗಾಳಿಗೂ ಲೆಕ್ಕವಿದೆ. ಗಂಟೆಗೆ 12 ಬಾರಿ ಗಾಳಿ ಬದಲಾಗುವ ಕೋಣೆಯಲ್ಲಿ ತೇಲುವ ಕಣಗಳ ಶೇ 99 ಹೋಗಲು 23 ನಿಮಿಷ ಬೇಕು, 6 ಬಾರಿಯಾದರೆ 46, ಎರಡೇ ಬಾರಿಯಾದರೆ 138. ಗೋಡೆಗೆ ತೂಗುಹಾಕುವ ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುವುದೇ ಇಲ್ಲ. ಒಳಗಿನದನ್ನೇ ತಣ್ಣಗೆ ಮಾಡಿ ತಿರುಗಿಸುತ್ತದೆ. ಕಿಟಕಿ ತೆರೆದು ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಗಾಳಿ ಎತ್ತ ಹರಿಯುತ್ತಿದೆ ಎಂದು ಬಾಗಿಲ ಸಂದಿಯಲ್ಲಿ ಟಿಶ್ಯೂ ಕಾಗದದ ಎಳೆ ಹಿಡಿದು ನೋಡಿ. ಎಳೆ ವಾರ್ಡ್‌ನ ಒಳಕ್ಕೆ ವಾಲಬೇಕು. ಕಾರಿಡಾರ್ ಕಡೆಗೆ ವಾಲಿದರೆ ಫ್ಯಾನ್ ತಪ್ಪು ಜಾಗದಲ್ಲಿದೆ.

ಮಾಸ್ಕ್ ಖರೀದಿ ಸಮಿತಿಗೆ ಬೆಲೆ ಕಾಣುತ್ತದೆ, ಮುಖದ ಅಳತೆ ಕಾಣುವುದಿಲ್ಲ. ಒಂದು ಮಾದರಿಯ ಎನ್95 ಒಬ್ಬರ ಮುಖಕ್ಕೆ ಸರಿಯಾಗಿ ಕೂತರೆ ಇನ್ನೊಬ್ಬರ ಕೆನ್ನೆಯ ಪಕ್ಕ ಸಂದಿ ಬಿಡುತ್ತದೆ. ಗಡ್ಡವಿದ್ದರಂತೂ ಕೂರುವುದೇ ಇಲ್ಲ. ಮಾಸ್ಕ್ ಮುಖಕ್ಕೆ ಸಂದಿಯಿಲ್ಲದೆ ಕೂರುತ್ತದೆಯೇ ಎಂದು ನೋಡುವ ಫಿಟ್ ಪರೀಕ್ಷೆಯನ್ನು ಪ್ರತಿಯೊಬ್ಬರಿಗೂ ಮಾಡಿ, ಯಾರಿಗೆ ಯಾವ ಮಾದರಿ ಎಂದು ಗುರುತಿನ ಚೀಟಿಯ ಹಿಂದೆ ಬರೆದುಬಿಟ್ಟರೆ ಗೊಂದಲವಿಲ್ಲ. ಸ್ಟೋರ್ ಬೇರೆ ಮಾದರಿ ತರಿಸಿದ ದಿನ ಪರೀಕ್ಷೆ ಮತ್ತೆ ಮಾಡಬೇಕು. ಪಿಪಿಇ ತೊಡುವಾಗಿನದಕ್ಕಿಂತ ಕಳಚುವಾಗಿನ ಅಪಾಯ ಹೆಚ್ಚು: ಆಗ ದಣಿವಾಗಿರುತ್ತದೆ, ಕನ್ನಡಕ ಮಂಜಾಗಿರುತ್ತದೆ, ಮನೆಗೆ ಹೋಗುವ ಆತುರವಿರುತ್ತದೆ. ಗ್ಲೌಸ್, ಗೌನ್, ಕೈಶುಚಿ, ಕಣ್ಣಿನ ಕವಚ, ಕೋಣೆಯಿಂದ ಹೊರಬಂದ ಮೇಲೆ ಕೊನೆಯಲ್ಲಿ ಮಾಸ್ಕ್, ಮತ್ತೆ ಕೈಶುಚಿ. ಈ ಕ್ರಮವನ್ನು ಗಟ್ಟಿಯಾಗಿ ಓದಿ ಹೇಳಲು ಎದುರಿಗೊಬ್ಬರು ಇರಬೇಕು. ಗೋಡೆಯ ಪೋಸ್ಟರ್ ಆ ಕೆಲಸ ಮಾಡುವುದಿಲ್ಲ. ಇಷ್ಟೆಲ್ಲ ಮಾಡಿ ಬಂದವರು ಕಿಟಕಿಯಿಲ್ಲದ ವಿಶ್ರಾಂತಿ ಕೋಣೆಯಲ್ಲಿ ಮಾಸ್ಕ್ ತೆಗೆದು ಎಂಟು ಮಂದಿ ಒಟ್ಟಿಗೆ ಊಟಕ್ಕೆ ಕೂರುತ್ತಾರೆ, ಸಿಬ್ಬಂದಿಯ ಸೋಂಕಿಗೆ ಎಷ್ಟೋ ಸಲ ಅದೇ ಕಾರಣ.

ನೆಲ, ಮೇಜು ಒರೆಸಲು ಶೇ 5ರ ಹೈಪೋಕ್ಲೋರೈಟ್‌ನ (ಬ್ಲೀಚ್ ದ್ರಾವಣ) ಒಂದು ಭಾಗಕ್ಕೆ 49 ಭಾಗ ನೀರು ಸೇರಿಸಿದರೆ ಶೇ 0.1ರ ದ್ರಾವಣ, ರಕ್ತ ಚೆಲ್ಲಿದ ಕಡೆಗೆ ಒಂದಕ್ಕೆ ಒಂಬತ್ತು, ಅದು ಶೇ 0.5. ಬಿಸಿಲು ಬೀಳುವ ಸ್ಟೋರ್‌ನಲ್ಲಿ ತಿಂಗಳುಗಟ್ಟಲೆ ಇಟ್ಟ ಬಾಟಲಿಯ ಮೇಲೆ ಶೇ 5 ಎಂದು ಬರೆದಿದ್ದರೂ ಒಳಗೆ ಅಷ್ಟಿರುವುದಿಲ್ಲ. ಕೊಳೆಯ ಮೇಲೆಯೇ ಸುರಿದರೆ ಕೆಲಸ ಮಾಡುವುದಿಲ್ಲ, ಮೊದಲು ಸೋಪಿನ ನೀರು. ಶೌಚಾಲಯ ತೊಳೆಯುವ ಆಮ್ಲದ ಜೊತೆ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ. ಮನುಷ್ಯರ ಮೈಮೇಲೆ ಇದನ್ನು ಸಿಂಪಡಿಸುವ ಸುರಂಗಗಳನ್ನು ಯಾವ ಕಾರಣಕ್ಕೂ ಕಟ್ಟಬಾರದು.

ಸಾಮಗ್ರಿಯನ್ನು ಸಂಖ್ಯೆಯಲ್ಲಿ ಹೇಳದೆ ದಿನಗಳಲ್ಲಿ ಹೇಳುವ ರೂಢಿ ಬೇಕು. ‘ಹತ್ತು ಸಾವಿರ ಗೌನ್’ ಎಂದರೆ ಏನೂ ಅಲ್ಲ. ದಿನಕ್ಕೆ 800 ಖರ್ಚಾಗುತ್ತಿದ್ದರೆ ಅದು ಹನ್ನೆರಡೂವರೆ ದಿನ, ಮುಂದಿನ ವಾರ ರೋಗಿಗಳು ದುಪ್ಪಟ್ಟಾದರೆ ಅದರಲ್ಲೂ ಕಡಿತ. ಒಪ್ಪಂದಗಳ ಮೇಲೆ ಹೆಚ್ಚು ಭರವಸೆ ಇಡುವುದೂ ಬೇಡ. ಒಂದೇ ಆಕ್ಸಿಜನ್ ಪೂರೈಕೆದಾರ ಹತ್ತು ಆಸ್ಪತ್ರೆಗಳಿಗೆ ‘ತುರ್ತಿನಲ್ಲಿ ದುಪ್ಪಟ್ಟು ಕೊಡುತ್ತೇನೆ’ ಎಂದು ಸಹಿ ಮಾಡಿರುತ್ತಾನೆ. ಹತ್ತೂ ಕಡೆ ಒಂದೇ ದಿನ ತುರ್ತು ಬಂದಾಗ ಆ ಕಾಗದದಿಂದ ಏನು ಬಂದೀತು? ಎರಡು ಆಸ್ಪತ್ರೆಗಳಲ್ಲಿ ದುಡಿಯುವ ಒಬ್ಬ ನರ್ಸ್ ಎರಡೂ ಕಡೆಯ ತುರ್ತು ಪಟ್ಟಿಯಲ್ಲಿರುವುದೂ ಇದೇ ಬಗೆಯ ಭ್ರಮೆ. ಅಕ್ಕಪಕ್ಕದ ಆಸ್ಪತ್ರೆಗಳ ಮುಖ್ಯಸ್ಥರು ವರ್ಷಕ್ಕೊಮ್ಮೆ ತಮ್ಮ ಪಟ್ಟಿಗಳನ್ನು ಒಂದೇ ಮೇಜಿನ ಮೇಲೆ ಹರಡಿ ಹೋಲಿಸಿದರೆ ಇಂಥ ಎರಡೆರಡು ಲೆಕ್ಕ ಅರ್ಧ ಗಂಟೆಯಲ್ಲಿ ಹೊರಬೀಳುತ್ತದೆ.

ಸಾಂಕ್ರಾಮಿಕ ಬಂದಿದೆ ಎಂದು ಹೆರಿಗೆ ನಿಲ್ಲುವುದಿಲ್ಲ, ಡಯಾಲಿಸಿಸ್ ಕಾಯುವುದಿಲ್ಲ, ಪಾರ್ಶ್ವವಾಯು, ಹೃದಯಾಘಾತ, ಅಪಘಾತ ಯಾವುದೂ ನಿಲ್ಲುವುದಿಲ್ಲ. ಇಡೀ ಆಸ್ಪತ್ರೆಯನ್ನು ಒಂದು ರೋಗಕ್ಕೆ ಮೀಸಲಿಡುವ ಘೋಷಣೆ ಕೇಳಲು ಚೆನ್ನ. ವಾರಕ್ಕೆ ಮೂರು ಬಾರಿ ಅದೇ ಆಸ್ಪತ್ರೆಯ ಡಯಾಲಿಸಿಸ್ ನಂಬಿದವರು ಎಲ್ಲಿಗೆ ಹೋಗಬೇಕು ಎಂಬುದನ್ನು ಅದೇ ಘೋಷಣೆಯ ಎರಡನೇ ಸಾಲು ಹೇಳಬೇಕು.

ಎಲ್ಲವೂ ಮೀರಿ, ಇಬ್ಬರಿಗೆ ಒಂದೇ ವೆಂಟಿಲೇಟರ್ ಎನ್ನುವ ಸ್ಥಿತಿ ಬಂದರೆ ಆ ತೀರ್ಮಾನವನ್ನು ಹಾಸಿಗೆಯ ಪಕ್ಕ ನಿಂತ ಕಿರಿಯ ವೈದ್ಯರ ಹೆಗಲಿಗೆ ಬಿಡುವುದು ಕ್ರೌರ್ಯ. ಚಿಕಿತ್ಸೆ ಕೊಡುತ್ತಿರುವವರಲ್ಲದ ಮೂವರ ಸಮಿತಿ, ಮೊದಲೇ ಪ್ರಕಟಿಸಿದ ಮಾನದಂಡ, ಹಣ, ಹುದ್ದೆ, ಪರಿಚಯ ಯಾವುದನ್ನೂ ನೋಡದ ಕ್ರಮ, ನಿಗದಿತ ಗಂಟೆಗಳಿಗೊಮ್ಮೆ ಮರುಪರಿಶೀಲನೆ ಇರಬೇಕು. ರೋಗಿಯ ಮನೆಯವರಿಗೆ ದಿನಕ್ಕೊಂದು ಕರೆ, ಗೊತ್ತಾದ ಸಮಯಕ್ಕೆ, ಗೊತ್ತಾದ ಒಬ್ಬರಿಂದ. ಆ ಒಂದು ಕರೆ ತಪ್ಪಿದ ದಿನ ಗೇಟಿನ ಮುಂದೆ ಗಲಾಟೆಯಾಗುತ್ತದೆ. ಆಮೇಲೆ ‘ಜನ ಅರ್ಥಮಾಡಿಕೊಳ್ಳುವುದಿಲ್ಲ’ ಎಂದು ಗೊಣಗಿದರೆ ಆಗದು.

ಅಲೆ ಇಳಿದಾಗ ಸಡಿಲಿಸುವುದಕ್ಕೂ ಏರುವಾಗಿನಷ್ಟೇ ಲೆಕ್ಕಾಚಾರ ಬೇಕು. 2003ರ ಮೇ ತಿಂಗಳಲ್ಲಿ ಕೆನಡಾದ ಟೊರಾಂಟೊ ನಗರ ಸಾರ್ಸ್ ಮುಗಿಯಿತೆಂದು ನಂಬಿ ಆಸ್ಪತ್ರೆಗಳ ಮುನ್ನೆಚ್ಚರಿಕೆಯನ್ನು ಸಡಿಲಿಸಿತು. ಕೆಲವೇ ದಿನಗಳಲ್ಲಿ ಆಸ್ಪತ್ರೆಯೊಳಗಿಂದಲೇ ಎರಡನೇ ಸುತ್ತು ಬೆಳಕಿಗೆ ಬಂತು. ಮೊದಲ ಸುತ್ತಿನಲ್ಲಿ ಪತ್ತೆಯಾಗದ ರೋಗಿಗಳು ಸಾಮಾನ್ಯ ನ್ಯುಮೋನಿಯಾ ಎಂಬ ಹೆಸರಿನಲ್ಲಿ ವಾರ್ಡ್‌ಗಳಲ್ಲೇ ಇದ್ದರು. ಆಮೇಲಿನ ಮರೆವು ಇನ್ನೂ ನಿಧಾನದ್ದು. ಗೋದಾಮಿನಲ್ಲಿಟ್ಟ ವೆಂಟಿಲೇಟರ್‌ನ ಬ್ಯಾಟರಿ ಚಾರ್ಜ್ ಮಾಡದಿದ್ದರೆ ತಿಂಗಳುಗಳಲ್ಲೇ ಸಾಯುತ್ತದೆ. ಆಕ್ಸಿಜನ್ ಸೆನ್ಸರ್ ಬಳಸದಿದ್ದರೂ ವರ್ಷ ಎರಡು ವರ್ಷಕ್ಕೆ ಮುಗಿಯುತ್ತದೆ. ಮಾಸ್ಕ್‌ನ ಎಲಾಸ್ಟಿಕ್ ಸಡಿಲವಾಗಿ ಎಳೆದರೆ ಕೈಗೇ ಬರುತ್ತದೆ. ಗೋದಾಮಿಗೆ ಬೀಗ ಹಾಕದೆ ಹಳೆಯದನ್ನು ದಿನದ ಬಳಕೆಗೆ ಕೊಟ್ಟು ಹೊಸದನ್ನು ಹಿಂದೆ ಸೇರಿಸುತ್ತಾ ಹೋಗಬೇಕು. ಅಣಕು ಕವಾಯತು ಎಂದರೆ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಗಣ್ಯರ ಮುಂದೆ ಸ್ಟ್ರೆಚರ್ ಓಡಿಸಿ ಫೋಟೊ ತೆಗೆಸುವುದು ಎಂದಾಗಿದೆ. ರಾತ್ರಿ ಎರಡಕ್ಕೆ, ಹೇಳದೆ ಕೇಳದೆ, ‘ಮುಖ್ಯ ಆಕ್ಸಿಜನ್ ಸಾಲು ನಿಂತಿದೆ’ ಎಂಬ ಒಂದು ಚೀಟಿ ಕೊಟ್ಟು ಗಡಿಯಾರ ನೋಡಿ. ಸಿಲಿಂಡರ್ ಕೋಣೆಯ ಬೀಗದ ಕೈ ಯಾರ ಜೇಬಿನಲ್ಲಿದೆ, ಅವರ ಮನೆ ಎಷ್ಟು ದೂರ ಎಂಬುದು ಆಗಲೇ ಗೊತ್ತಾಗುವುದು.

ಆದ್ದರಿಂದ ಸಂಪಾದಕರೇ, ಮುಂದಿನ ಸಲ ನಿಮ್ಮ ವರದಿಗಾರರು ಒಂದು ಆಸ್ಪತ್ರೆಗೆ ಹೋದಾಗ ಹಾಸಿಗೆಗಳ ಸಂಖ್ಯೆಯನ್ನು ಆಮೇಲೆ ಕೇಳಲಿ. ಮೊದಲು ಆಕ್ಸಿಜನ್ ಘಟಕದ ದಿನಚರಿ ಪುಸ್ತಕ ತೋರಿಸಿ ಎನ್ನಲಿ. ಪ್ರತಿ ಪಾಳಿಗೂ ಒತ್ತಡ, ಶುದ್ಧತೆ, ಟ್ಯಾಂಕ್‌ನ ಮಟ್ಟ ಬರೆದು ಸಹಿ ಮಾಡಿರಬೇಕಾದ ಪುಸ್ತಕ ಅದು. ಇಡೀ ತಿಂಗಳ ಪುಟಗಳು ಒಂದೇ ಕೈಬರಹದಲ್ಲಿ, ಒಂದೇ ಶಾಯಿಯಲ್ಲಿ, ಒಂದೇ ಅಂಕಿಯಲ್ಲಿ ತುಂಬಿದ್ದರೆ ಆ ಪುಟದ್ದೇ ಒಂದು ಫೋಟೊ ತೆಗೆದು ಅಚ್ಚು ಹಾಕಿ.

ಇಂತಿ,
ಆಸ್ಪತ್ರೆ ಆಡಳಿತ, ಸೋಂಕು ನಿಯಂತ್ರಣ ಮತ್ತು ಉಪಕರಣ ನಿರ್ವಹಣೆಯಲ್ಲಿರುವ ನಿಮ್ಮ ಕೆಲವು ಓದುಗರು